ಮಲೆಗೂ ಕಡಲಿಗೂ ಒಬ್ಬನೇ ಒಡೆಯ: ಓಮಿಶಿಮಾ ದ್ವೀಪದ ದಾರಿಯಲ್ಲಿ

ಮೊದಲ ದಿನ: ಒನೊಮಿಚಿಯಿಂದ ಮಿಯಾಉರಾ

ಒನೊಮಿಚಿ ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೇ ಸಮುದ್ರ. ಸಮುದ್ರವೆಂದರೂ ಅಲ್ಲಿ ಅದು ಹೊಳೆಯಷ್ಟೇ ಅಗಲ. ಜಪಾನಿನ ಹೊನ್ಶು ಮತ್ತು ಶಿಕೊಕು ನಡುವಿನ ಸೆತೊ ಒಳಗಡಲಿನ ತುಂಬ ಇಂಥ ಕಿರುದಾರಿಗಳೇ. ಬಂದರಿನ ಪಕ್ಕದಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ಸೈಕಲ್ ಸಮೇತ ದೋಣಿ ಹತ್ತಿದರೆ ಐದು ನಿಮಿಷದಲ್ಲಿ ಆಚೆಯ ಮುಕೈಶಿಮಾ ದ್ವೀಪ. ಅಲ್ಲಿಂದ ದ್ವೀಪದಿಂದ ದ್ವೀಪಕ್ಕೆ ಸೇತುವೆ ದಾಟುತ್ತ ಶಿಕೊಕುವಿನ ಇಮಾಬರಿ ತನಕ ಸುಮಾರು 70 ಕಿ.ಮೀ. ರಸ್ತೆಯಂಚಿಗೆ ಬಳಿದ ನೀಲಿ ಗೆರೆಯನ್ನು ಹಿಡಿದು ಹೋದರೆ ನಕಾಶೆ ಬೇಕಾಗುವುದಿಲ್ಲ. ಶಿಮನಾಮಿ ಕೈದೊ ಎಂಬ ಈ ಮಾರ್ಗ ಪೂರ್ತಿ ತೆರೆದದ್ದು 1999ರ ಮೇ 1ರಂದು. ಬೆಟ್ಟಕ್ಕೂ ಕಡಲಿಗೂ ಒಡೆಯನಾದ ದೇವರ ಗುಡಿಯಿರುವ ಓಮಿಶಿಮಾ ಇದೇ ದಾರಿಯಲ್ಲಿದೆ.

ಮೇ ತಿಂಗಳ ನಡುವಿನಲ್ಲಿ ಹೋದರೆ ಲಾಭವಿದೆ. ತಿಂಗಳ ಮೊದಲ ವಾರದ ಸಾಲುರಜೆಯ ಜನ ಕರಗಿರುತ್ತಾರೆ, ಜೂನಿನ ಮಳೆ ಇನ್ನೂ ಹಿಡಿದಿರುವುದಿಲ್ಲ. ಜೊತೆಗೆ ಮಿಕಾನ್ ಕಿತ್ತಳೆ ಹೂಬಿಡುವ ಹೊತ್ತು ಅದು. ಬೆಟ್ಟದ ಮೈಗೆ ಕಲ್ಲುಕಟ್ಟಿ ಮಾಡಿದ ಮೆಟ್ಟಿಲು ತೋಟಗಳಿಂದ ಆ ವಾಸನೆ ಸೀದಾ ರಸ್ತೆಗೆ ಇಳಿಯುತ್ತದೆ. ತಿರುವಿನಾಚೆ ತೋಟವಿದೆಯೆಂದು ಮೂಗಿಗೆ ಮೊದಲು ಗೊತ್ತಾಗುತ್ತದೆ.

ಸಮತಟ್ಟು ದಾರಿಯೆಂದು ಕೇಳಿ ಬಂದವರು ಸುಸ್ತಾಗುವುದು ಸೇತುವೆಗೆ ಹತ್ತುವ ದಾರಿಗಳಲ್ಲಿ. ಕೆಳಗೆ ದೊಡ್ಡ ಹಡಗು ಹಾಯಬೇಕಾದ್ದರಿಂದ ಸೇತುವೆಗಳು ಬಲು ಎತ್ತರ. ಊರಿನ ರಸ್ತೆಯಿಂದ ಅಲ್ಲಿಗೆ ಸೈಕಲ್ಲಿಗೆಂದೇ ಸುತ್ತುಬಳಸಿನ ಏರುದಾರಿ ಮಾಡಿದ್ದಾರೆ. ಏರು ಶೇ. 3ರಷ್ಟೇ, ಆದರೆ ಉದ್ದ ಒಂದು ಕಿ.ಮೀ. ಆಸುಪಾಸು. ಏರಿನ ಬುಡದಲ್ಲೇ ಗೇರ್ ಇಳಿಸಿಕೊಂಡು ಒಂದೇ ಲಯದಲ್ಲಿ ತುಳಿದರೆ ಸಾಕು. ಮೋಟಾರಿನ ನೆರವಿರುವ ಸೈಕಲ್ ತೆಗೆದುಕೊಂಡವರು ಎಲ್ಲ ಏರಿಗೂ ಜೋರು ನೆರವನ್ನೇ ಒತ್ತುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿ. ಆಮೇಲೆ ಉಳಿಯುವುದು ಭಾರದ ಸೈಕಲ್ ಮಾತ್ರ. ಇನ್ನೊಷಿಮಾ ಸೇತುವೆಯಲ್ಲಿ (1983) ಸೈಕಲ್ ದಾರಿ ಇರುವುದು ಕಾರುಗಳ ರಸ್ತೆಯ ಅಡಿಯಲ್ಲಿ, ಉಕ್ಕಿನ ಚೌಕಟ್ಟಿನೊಳಗೆ. ತಲೆಯ ಮೇಲೆ ಲಾರಿ ಹೋದಾಗೆಲ್ಲ ಇಡೀ ಕೊಳವೆ ಗುಡುಗುತ್ತದೆ.

ಮುಂದಿನ ಇಕುಚಿ ದ್ವೀಪದ ಸೆತೊದಾ ನಿಂಬೆಯ ಊರು. ಇಲ್ಲೇ ಹಿಂಗಾಲಿ ಕೈಕೊಟ್ಟಿತು. ಕಡಲಂಚಿನ ರಸ್ತೆ ಬಿಟ್ಟು ತೋಟದ ಒಳದಾರಿ ಹಿಡಿದರೆ ಸವರಿದ ರೆಂಬೆಗಳು ಬಿದ್ದಿರುತ್ತವೆ, ನಿಂಬೆ ಮುಳ್ಳಿಗೆ ತೆಳು ಟಯರು ಲೆಕ್ಕಕ್ಕಿಲ್ಲ. ತೇಪೆ ಹಾಕುವ ಮೊದಲು ಟಯರಿನ ಒಳಮೈಗೆ ಬೆರಳಾಡಿಸಿ ಮುರಿದ ಮುಳ್ಳಿನ ತುದಿಯನ್ನು ಕೀಳಬೇಕು. ಅದನ್ನು ಮರೆತರೆ ಹೊಸ ಟ್ಯೂಬೂ ಅರ್ಧ ಗಂಟೆ ಬಾಳುವುದಿಲ್ಲ. ರಿಪೇರಿ ನೋಡುತ್ತ ನಿಂತ ತೋಟದ ಮುದುಕ ಕೈಯಲ್ಲಿದ್ದ ಕತ್ತರಿಯನ್ನು ತೋರಿಸಿ ತಪ್ಪೊಪ್ಪಿಕೊಳ್ಳುವವರಂತೆ ನಕ್ಕು ಒಂದು ನಿಂಬೆಹಣ್ಣು ಕೊಟ್ಟರು. ಎಲ್ಲಿಗೆಂದು ಕೇಳಿ, ಓಮಿಶಿಮಾದ ದೇವರ ಹತ್ತಿರ ಎಂದಾಗ, ಇವತ್ತು ಅವಸರಪಡಬೇಡಿ, ನಾಳೆ ಬೆಳಗ್ಗೆಯೇ ಹೋಗಿ ಎಂದರು. ಒಳ್ಳೆಯ ಸಲಹೆ. ಟೂರಿಸ್ಟ್ ಬಸ್ಸುಗಳು ಬರುವ ಮೊದಲಿನ ಒಂದೆರಡು ಗಂಟೆಯೇ ಆ ಗುಡಿಯ ಉತ್ತಮ ಹೊತ್ತು.

ಇಕುಚಿಯಿಂದ ಓಮಿಶಿಮಾಕ್ಕೆ ದಾಟಿಸುವುದು ತತಾರಾ ಸೇತುವೆ. ಎರಡು ಗೋಪುರಗಳ ನಡುವಿನ ಅಂತರ 890 ಮೀಟರ್. ತೆರೆದಾಗ ಓರೆಹಗ್ಗದ ಸೇತುವೆಗಳಲ್ಲಿ ಜಗತ್ತಿಗೇ ಉದ್ದದ್ದು. ಮೊದಲು ತೂಗುಸೇತುವೆ ಕಟ್ಟುವ ಯೋಜನೆಯಿತ್ತು. ಅದರ ಹಗ್ಗಗಳಿಗೆ ಲಂಗರು ಹಾಕಲು ಇಕುಚಿಯ ಗುಡ್ಡವನ್ನು ಬಹಳ ಅಗೆಯಬೇಕಾಗುತ್ತಿತ್ತು, ಹಾಗಾಗಿ ವಿನ್ಯಾಸ ಬದಲಾಯಿತು. ಗೋಪುರದ ಬುಡದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಎರಡು ಕಾಲುಗಳ ನಡುವೆ ಪುಟಿಯುತ್ತ ಮೇಲೇರುತ್ತದೆ. ಅದಕ್ಕೆಂದೇ ಮರದ ತಾಳದ ತುಂಡುಗಳನ್ನು ತೂಗಿಬಿಟ್ಟಿದ್ದಾರೆ. ಸೇತುವೆಯ ನಡುವೆ ಹಿರೊಶಿಮಾ ಮುಗಿದು ಎಹಿಮೆ ಪ್ರಾಂತ ಶುರು. ಗಾಳಿ ಅಡ್ಡ ಬೀಸುವ ಜಾಗವೂ ಅದೇ; ಟೋಪಿಯನ್ನು ಚೀಲಕ್ಕೆ ಹಾಕಿಕೊಂಡೇ ಹತ್ತಬೇಕು.

ಸೇತುವೆ ಇಳಿದಲ್ಲಿ ಹೆಚ್ಚಿನವರು ಸೈಕಲ್ ಸವಾರರ ಸ್ಮಾರಕದ ಮುಂದೆ ಫೋಟೋ ತೆಗೆಸಿಕೊಂಡು ನೀಲಿ ಗೆರೆಯ ಜೊತೆ ಎಡಕ್ಕೆ, ಕಡಲಂಚಿಗೆ ತಿರುಗುತ್ತಾರೆ. ಗುಡಿಯಿರುವುದು ದ್ವೀಪದ ಇನ್ನೊಂದು ಮಗ್ಗುಲಲ್ಲಿ, ಸಣ್ಣ ಕಣಿವೆದಾರಿ ಹತ್ತಿಳಿದು ಸುಮಾರು 7 ಕಿ.ಮೀ. ಆ 7 ಕಿ.ಮೀ. ತಪ್ಪಿಸಿಕೊಂಡವರೇ ಜಾಸ್ತಿ.

ರಾತ್ರಿ ತಂಗಿದ್ದು ಗುಡಿಯ ಊರು ಮಿಯಾಉರಾದ ಸಣ್ಣ ಮನೆವಸತಿಯಲ್ಲಿ. ಮೀನು ತಿನ್ನದವರು ಕೋಣೆ ಕಾದಿರಿಸುವಾಗಲೇ ಹೇಳಿಬಿಡಬೇಕು, ಮೀನು ಬೇಡ ಎಂದರೆ ಸಾಲದು, ದಾಶಿಯೂ ಬೇಡ ಎನ್ನಬೇಕು. ಒಣಮೀನಿನ ಆ ಸಾರು ಉದೊನ್ ಎಂಬ ದಪ್ಪ ಶಾವಿಗೆಗೆ, ಬೇಯಿಸಿದ ತರಕಾರಿಗೆ, ಮಿಸೊ ಸೂಪಿಗೆ, ಎಲ್ಲಕ್ಕೂ ಬೀಳುತ್ತದೆ. ತಟ್ಟೆಯಲ್ಲಿ ಮೀನು ಕಾಣದಿದ್ದರೂ ಇರುತ್ತದೆ. ಹೇಳದೆ ಹೋದವರಿಗೆ ಉಪ್ಪು ಹಚ್ಚಿದ ಅನ್ನದುಂಡೆ, ಉಪ್ಪಿನಲ್ಲಿಟ್ಟ ಉಮೆ ಕಾಯಿ ಮತ್ತು ಹಣ್ಣೇ ಗತಿ. ಹಣ್ಣಿಗೆ ಬರವಿಲ್ಲ. ರಸ್ತೆ ಬದಿಯ ಕಾವಲಿಲ್ಲದ ಕಟ್ಟೆಗಳಲ್ಲಿ ತಡವಾಗಿ ಹಣ್ಣಾಗುವ ಕಿತ್ತಳೆ ಜಾತಿಗಳ ಚೀಲ ಇಟ್ಟಿರುತ್ತಾರೆ. ಬರೆದ ಬೆಲೆಯನ್ನು ಡಬ್ಬಿಗೆ ಹಾಕಿ ಎತ್ತಿಕೊಳ್ಳುವುದು. ಚಿಲ್ಲರೆ ಕೊಡುವವರಿಲ್ಲ, ಆದ್ದರಿಂದ ನೂರು ಯೆನ್ ನಾಣ್ಯಗಳನ್ನು ಮೊದಲೇ ಕೂಡಿಸಿಟ್ಟುಕೊಳ್ಳಬೇಕು.

ಎರಡನೆಯ ದಿನ: ಓಯಮಝುಮಿ ಗುಡಿ

ಕಾರು ನಿಲ್ಲಿಸುವ ಜಾಗ ಗುಡಿಯ ಬಾಗಿಲಲ್ಲೇ ಇದೆ. ಆದರೂ ಒಮ್ಮೆ ಮಿಯಾಉರಾ ಬಂದರಿನವರೆಗೆ ಹೋಗಿ, ಅಲ್ಲಿಂದ ತಿರುಗಿ ನಡೆದು ಬರುವುದೇ ಸರಿ. ಈ ಗುಡಿಯ ಮುಂಬಾಗಿಲು ಕಡಲ ಕಡೆಗಿದೆ. ಸೇತುವೆಗಳಿಗೆ ಮುಂಚೆ ಭಕ್ತರೆಲ್ಲ ದೋಣಿಯಲ್ಲಿ ಬಂದಿಳಿದು, ಅಂಗಡಿ ಮತ್ತು ಛತ್ರಗಳ ಸಾಲು ಹಾಯ್ದು ಗುಡಿ ಸೇರುತ್ತಿದ್ದರು. ಈಗ ಆ ಬೀದಿಯ ಬಹಳಷ್ಟು ಬಾಗಿಲು ಮುಚ್ಚಿವೆ. ತೆರೆದಿದ್ದ ಒಂದು ಅಂಗಡಿಯ ಹೆಂಗಸು, ಸೇತುವೆ ಬಂದ ಮೇಲೆ ಜನ ಹೆಚ್ಚಾದರು, ನಿಲ್ಲುವವರು ಕಡಿಮೆಯಾದರು ಎಂದರು. ಆ ಬೀದಿಯನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ದೇವರು ಓಯಮತ್ಸುಮಿ. 712ರಲ್ಲಿ ಬರೆದ ಕೊಜಿಕಿ ಎಂಬ ಪುರಾಣಗ್ರಂಥದಲ್ಲಿ ಈತ ಬೆಟ್ಟಗಳ ಒಡೆಯ. ಹೂವಿನ ದೇವತೆ ಕೊನೊಹನಸಾಕುಯಾಳ ತಂದೆ. ಹಳೆಯ ಇಯೊ ನಾಡಿನ, ಅಂದರೆ ಈಗಿನ ಎಹಿಮೆಯ, ಸ್ಥಳವೃತ್ತಾಂತದಲ್ಲಿ ಇದೇ ದೇವರಿಗೆ ವತಾಶಿಯ ಮಹಾದೇವರು ಎಂಬ ಹೆಸರು: ಕಡಲು ದಾಟಿಸುವವನು. ಕೊರಿಯಾದ ಕುದಾರಾ ರಾಜ್ಯದಿಂದ ಬಂದವನೆಂದೂ ಅಲ್ಲಿ ಹೇಳಿದೆ. ಬಲಕ್ಕೂ ಎಡಕ್ಕೂ ಇರುವ ಗುಡಿಗಳಲ್ಲಿ ಒಂದು ಗುಡುಗಿನದು, ಒಂದು ಮಳೆಯದು. ಜಪಾನಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಓಯಮಝುಮಿ ಮತ್ತು ಮಿಶಿಮಾ ಗುಡಿಗಳಿಗೆ ಇದೇ ಮೂಲಸ್ಥಾನ.

ತೋರಿಇ ಕಮಾನಿನ ಮುಂದೆ ನಿಂತು ಒಮ್ಮೆ ಬಾಗಿ, ದಾರಿಯ ನಡುಭಾಗವನ್ನು ದೇವರಿಗೆ ಬಿಟ್ಟು ಅಂಚಿನಲ್ಲಿ ನಡೆಯುವುದು ರೂಢಿ. ಕಮಾನಿಗೆ ತೂಗಿದ ಹೆಸರಹಲಗೆಗೂ ಒಂದು ಕತೆಯಿದೆ. ಹತ್ತನೆಯ ಶತಮಾನದ ದೊಡ್ಡ ಲಿಪಿಕಾರ ಫುಜಿವಾರಾ ನೊ ಸುಕೆಮಸಾ ದಜೈಫುವಿನಿಂದ ರಾಜಧಾನಿಗೆ ಮರಳುವಾಗ ಇಯೊ ಕಡಲಿನಲ್ಲಿ ಬಿರುಗಾಳಿ ಎದ್ದು ದಿನಗಟ್ಟಲೆ ತಡೆಯಿತಂತೆ. ಕನಸಿನಲ್ಲಿ ಬಂದ ದೇವರು, ಎಲ್ಲ ಗುಡಿಗೂ ಹಲಗೆಯಿದೆ, ನನಗಿಲ್ಲ, ಬರೆದುಕೊಡು ಎಂದ. ಬರೆದ, ಗಾಳಿ ನಿಂತಿತು. ಓಕಾಗಾಮಿ ಎಂಬ ಹಳೆಯ ಚರಿತ್ರೆ ಕಥನದಲ್ಲಿ ಇದು ಬರುತ್ತದೆ. ಈ ಊರಿನಲ್ಲಿ ಕಡಲು ಹೇಗೆ ತಡೆಹಿಡಿಯುತ್ತದೆಂದು ಮಾರನೆಯ ದಿನ ಕಣ್ಣಾರೆ ನೋಡಿದ ಮೇಲೆ ಕತೆ ಅಷ್ಟು ಉತ್ಪ್ರೇಕ್ಷೆ ಅನಿಸಲಿಲ್ಲ.

ಮಹಾದ್ವಾರ ಹೊಸದಾಗಿ ಕಾಣುತ್ತದೆ, ನಿಜವಾಗಿಯೂ ಹೊಸದೇ. 1322ರ ಯುದ್ಧದಲ್ಲಿ ಸುಟ್ಟುಹೋದದ್ದನ್ನು 688 ವರ್ಷದ ಮೇಲೆ, 2010ರಲ್ಲಿ, ಹಿನೊಕಿ ಮರದಿಂದ ಮತ್ತೆ ಕಟ್ಟಿದರು. ಒಳಗೆ ಕೈಕಾಲು ತೊಳೆಯುವ ನಮ್ಮ ಪದ್ಧತಿಯಿಲ್ಲ, ಕೈಬಾಯಿ ಮಾತ್ರ. ಬಲಗೈಯಲ್ಲಿ ಸೌಟು ಹಿಡಿದು ಎಡಗೈಗೆ ನೀರು, ಕೈ ಬದಲಿಸಿ ಬಲಗೈಗೆ, ಮತ್ತೆ ಎಡ ಅಂಗೈಗೆ ಸುರಿದುಕೊಂಡು ಬಾಯಿ ಮುಕ್ಕಳಿಸಿ, ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ ಉಳಿದ ನೀರು ಹಿಡಿಯ ಮೇಲೆ ಹರಿಯುವಂತೆ ಮಾಡಿ ಕವುಚಿ ಇಡುವುದು. ಇಷ್ಟೂ ಒಂದೇ ಸೌಟಿನಲ್ಲಿ ಆಗಬೇಕು. ಮೊದಲ ಕೈಗೇ ಪೂರ್ತಿ ಸುರಿದುಕೊಂಡರೆ ಮುಂದಕ್ಕೆ ನೀರಿರುವುದಿಲ್ಲ. ಸೌಟಿಗೆ ಬಾಯಿ ಹಚ್ಚುವಂತಿಲ್ಲ.

ಅಂಗಳದ ನಡುವೆ ಕರ್ಪೂರದ ಮರ. ಕುಸುನೊಕಿ ಎನ್ನುತ್ತಾರೆ. 2600 ವರ್ಷ ಹಳೆಯದೆಂದು ಗುಡಿಯವರ ಎಣಿಕೆ, ಎತ್ತರ 15.6 ಮೀಟರ್, ಕಾಂಡದ ಸುತ್ತಳತೆ 11.1 ಮೀಟರ್, ಬುಡದಲ್ಲಿ 20 ಮೀಟರ್. ಎತ್ತರಕ್ಕಿಂತ ಬುಡವೇ ದೊಡ್ಡದಾದ ಈ ಮರ ಬೆಳೆದದ್ದಕ್ಕಿಂತ ಕೂತದ್ದೇ ಹೆಚ್ಚು ಅನ್ನಿಸುವಂತಿದೆ. ಇಲ್ಲಿನ ಕರ್ಪೂರದ ಮರಗಳ ಗುಂಪಿಗೇ 1951ರಲ್ಲಿ ರಾಷ್ಟ್ರೀಯ ರಕ್ಷಣೆ ಸಿಕ್ಕಿತು. ಉಸಿರು ಹಿಡಿದು ಮೂರು ಸುತ್ತು ಹಾಕಿದರೆ ಬೇಡಿದ್ದು ಆಗುತ್ತದಂತೆ. ಎರಡನೆಯ ಸುತ್ತಿನಲ್ಲೇ ಜನ ಕೆಮ್ಮುತ್ತ ನಿಲ್ಲುತ್ತಾರೆ. ಬೇರಿನ ಸುತ್ತ ಬೇಲಿಯಿರುವುದರಿಂದ ಒಂದು ಸುತ್ತು 20 ಮೀಟರಿಗಿಂತ ಬಹಳ ಹೆಚ್ಚು, ಬೇಡಿಕೆ ನೆನೆಯುತ್ತ ನಡೆಯುವವರ ಕಾಲು ಬೇರೆ ನಿಧಾನ. ಓಡುವುದಕ್ಕೆ ನಿಷೇಧವೇನೂ ಕಾಣಲಿಲ್ಲ, ಯಾರೂ ಓಡಲೂ ಇಲ್ಲ. ಪಕ್ಕದಲ್ಲಿ ಇನ್ನೂ ಹಳೆಯ, ಒಣಗಿ ಟೊಳ್ಳಾದ ಮರವೊಂದಿದೆ. ಬರ ಬಿದ್ದಾಗ ಸನ್ಯಾಸಿ ಕವಿ ನೊಇನ್ 1041ರಲ್ಲಿ ಇಲ್ಲಿಗೆ ಬಂದು ಮಳೆಗಾಗಿ ಪದ್ಯ ಅರ್ಪಿಸಿದನೆಂದು ಅದಕ್ಕೆ ಅವನ ಹೆಸರು.

ಅಂಗಳದ ಮಗ್ಗುಲಲ್ಲೇ ದೇವರ ಗದ್ದೆ. ಹಳೆಯ ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನ ಇಲ್ಲಿ ನಾಟಿ ಹಬ್ಬ: ದ್ವೀಪದ 16 ಹುಡುಗಿಯರು ಬಿಳಿಯುಟ್ಟು ಕೆಂಪು ಪಟ್ಟಿ ಕಟ್ಟಿ ಸಸಿ ನೆಡುತ್ತಾರೆ. ಅದಕ್ಕೂ ಮುಂಚೆ ಒಬ್ಬಂಟಿ ಸುಮೊ ನಡೆಯುತ್ತದೆ. ಒಬ್ಬ ಪೈಲ್ವಾನ ಅಖಾಡಕ್ಕಿಳಿದು, ಕಣ್ಣಿಗೆ ಕಾಣದ ಬತ್ತದ ದೇವತೆಯ ಜೊತೆ ಮೂರು ಸುತ್ತು ಸೆಣಸುತ್ತಾನೆ. ತಳ್ಳುತ್ತಾನೆ, ಜಾರುತ್ತಾನೆ, ಎತ್ತಿ ಒಗೆಸಿಕೊಳ್ಳುತ್ತಾನೆ. ಫಲಿತಾಂಶ ಮೊದಲೇ ಗೊತ್ತು: ಮೂರರಲ್ಲಿ ಎರಡು ಸುತ್ತು ದೇವತೆ ಗೆಲ್ಲಬೇಕು, ಆಗಲೇ ಬೆಳೆ. ಕೊಯ್ಲಿನ ಹಬ್ಬ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ, ಆಗಲೂ ಇದೇ ಕುಸ್ತಿ. ದಿನ ಗೊತ್ತುಮಾಡಲು ನಮ್ಮ ಪಂಚಾಂಗವೇ ಸಾಕಾಗುತ್ತದೆ. ಮೊದಲನೆಯದು ಜ್ಯೇಷ್ಠ ಶುದ್ಧ ಪಂಚಮಿ, ಎರಡನೆಯದು ಆಶ್ವಯುಜ ಶುದ್ಧ ನವಮಿ. 2023ರಲ್ಲಿ ಅದು ಅಕ್ಟೋಬರ್ 23, 2024ರಲ್ಲಿ ಅಕ್ಟೋಬರ್ 11; ಎರಡೂ ವರ್ಷ ನಮ್ಮಲ್ಲಿ ಆಯುಧಪೂಜೆ. ಅಧಿಕಮಾಸದ ಲೆಕ್ಕ ಬೇರೆಯಾದ ವರ್ಷ ಮಾತ್ರ ಒಂದು ತಿಂಗಳು ಹಿಂದೆಮುಂದಾಗುತ್ತದೆ, 2025ರಲ್ಲಿ ಹಾಗೇ ಆಯಿತು.

ಆಯುಧದ ಮಾತು ಬಂದದ್ದು ಸುಮ್ಮನಲ್ಲ. ಗುಡಿಯ ಒಡಲೆಲ್ಲ ಆಯುಧ. ಒಳದ್ವಾರ ದಾಟಿ, 1427ರಲ್ಲಿ ಮತ್ತೆ ಕಟ್ಟಿದ, ಹಿನೊಕಿ ತೊಗಟೆಯ ಹೊದಿಕೆಯ ಗರ್ಭಗುಡಿಗೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ ಬಲಗಡೆಗೆ ಹೊರಳಿದರೆ ಖಜಾನೆಯ ಕಟ್ಟಡಗಳು. ಬೆಳಗ್ಗೆ 8:30ಕ್ಕೆ ತೆರೆಯುತ್ತವೆ, ಸಂಜೆ 4:30ರ ಮೇಲೆ ಒಳಗೆ ಬಿಡುವುದಿಲ್ಲ. 1000 ಯೆನ್ ಟಿಕೆಟ್ಟಿಗೆ ಎಲ್ಲವೂ ಸೇರಿದೆ, ಫೋಟೋ ತೆಗೆಯುವಂತಿಲ್ಲ. ಗೆದ್ದ ಸೇನಾಪತಿಗಳು, ಗೆಲ್ಲಬೇಕಾದವರು, ಈ ಜಲಸಂಧಿ ಹಾಯ್ದವರು ಇಲ್ಲಿ ಕವಚ ಮತ್ತು ಖಡ್ಗ ಒಪ್ಪಿಸಿ ಹೋದರು. ಎಂಟು ರಾಷ್ಟ್ರೀಯ ನಿಧಿಗಳಿವೆ. ಕೆಂಪು ರೇಷ್ಮೆ ದಾರದ ಕವಚ ಹನ್ನೆರಡನೆಯ ಶತಮಾನದ ಸೇನಾಪತಿ ಮಿನಮೊತೊ ನೊ ಯೊಶಿತ್ಸುನೆಯದೆಂದೂ ನೇರಳೆಯದು ಅವನ ಅಣ್ಣ ಯೊರಿತೊಮೊ ಕೊಟ್ಟದ್ದೆಂದೂ ಪ್ರತೀತಿ.

ಇಲ್ಲಿ ಅವಸರ ಮಾಡಿದರೆ ಎಲ್ಲ ಕವಚವೂ ಒಂದೇ ಥರ ಕಾಣುತ್ತದೆ. ಒಂದರ ಮುಂದೆ ನಿಂತು ಭಾಗಭಾಗ ನೋಡಬೇಕು. ಮೈಗೆ ಅರಗಿನೆಣ್ಣೆ ಬಳಿದ ಕಬ್ಬಿಣ ಮತ್ತು ತೊಗಲಿನ ಕಿರುಬಿಲ್ಲೆಗಳು. ಅವನ್ನು ಸಾಲುಸಾಲಾಗಿ ಕಟ್ಟಿದ ಬಣ್ಣದ ದಾರ. ಎದೆಯ ಮೇಲೆ ಮಾತ್ರ ಬಿಲ್ಲೆ ಕಾಣದಂತೆ ನುಣುಪು ತೊಗಲು ಹೊದಿಸಿದ್ದಾರೆ, ಬಿಲ್ಲಿನ ಹೆದೆ ಸಿಕ್ಕಿಕೊಳ್ಳಬಾರದು. ಬಿಲ್ಲು ಹಿಡಿದವನಿಗೆ ಗುರಾಣಿ ಹಿಡಿಯಲು ಕೈ ಉಳಿಯುವುದಿಲ್ಲ, ಅದಕ್ಕೇ ಹೆಗಲಿನಿಂದ ಜೋತ ಆ ಅಗಲ ಹಲಗೆಗಳು. ಬಲ ಪಕ್ಕೆಯ ತುಂಡು ಬೇರೆಯೇ ಇರುತ್ತದೆ. ಮೊದಲು ಅದನ್ನು ಕಟ್ಟಿಕೊಂಡು ಮೇಲೆ ಉಳಿದದ್ದನ್ನು ಹಾಕಿಕೊಳ್ಳುತ್ತಿದ್ದರು. ಎಲ್ಲ ಸೇರಿ 25–30 ಕಿಲೋ. ಕುದುರೆಯ ಮೇಲೆ ಕೂತು ಬಾಣ ಬಿಡಲು ಮಾಡಿದ ಉಡುಪು ಇದು. ಅಲಗೇ ಸುಮಾರು 180 ಸೆಂ.ಮೀ. ಉದ್ದದ ಖಡ್ಗವೂ ಇದೆ. ಸೊಂಟದ ಬಳಿ ಬಹಳ ಕಿರಿದಾಗುವ ನೀಲಿ ದಾರದ ಒಂದು ಕವಚವನ್ನು ಕಡಲ ಯುದ್ಧದಲ್ಲಿ ಕಾದಿದ ತ್ಸುರುಹಿಮೆ ಎಂಬ ಹುಡುಗಿಯದೆಂದು ತೋರಿಸುತ್ತಾರೆ. ಕತೆ ಚೆನ್ನಾಗಿದೆ, ಇತಿಹಾಸಕಾರರು ಒಪ್ಪುವುದಿಲ್ಲ, ಆ ಕಾಲದ ಗಂಡಸರ ಕವಚಗಳಲ್ಲೂ ಸೊಂಟ ಕಿರಿದಾಗಿಯೇ ಇರುತ್ತಿತ್ತು, ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಲೆಂದು.

ಬಸ್ಸಿನ ಜನ ಇಲ್ಲಿಂದ ಹಿಂದಿರುಗುತ್ತಾರೆ. ಗುಡಿಯ ಹಿಂದಿನ ದಾರಿಯಲ್ಲಿ ಕೆಲವು ನಿಮಿಷ ನಡೆದರೆ ಇನ್ನೊಂದು ಕರ್ಪೂರದ ಮರ, ಬುಡದ ಸುತ್ತಳತೆ 32 ಮೀಟರ್. ಟೊಳ್ಳಾದ ಅದರ ಹೊಟ್ಟೆಯೊಳಗಿಂದಲೇ ಮೆಟ್ಟಿಲು ಹತ್ತಿ ಆಚೆ ಹೋಗಬೇಕು. ಮಳೆ ಬಿದ್ದ ಮರುದಿನ ಆ ಕಲ್ಲುಗಳ ಮೇಲೆ ಹಾವಸೆ ಜಾರುತ್ತದೆ.

ಮೂರನೆಯ ದಿನ: ಬೆಟ್ಟದ ಮೇಲೆ, ಸೆಳವಿನ ಮೇಲೆ

ಬೆಳಕು ಹರಿಯುವುದು ಐದರ ಸುಮಾರಿಗೆ. ಗುಡಿಯ ಬೆನ್ನಿಗಿರುವ ಅಂಕಮಿ ಬೆಟ್ಟ 267 ಮೀಟರ್, ಅದರಾಚೆಯ ವಷಿಗತೊ 436 ಮೀಟರ್, ದ್ವೀಪದಲ್ಲೇ ಎತ್ತರದ್ದು. ಸಂಖ್ಯೆ ನೋಡಿ ಹಗುರವಾಗಿ ತೆಗೆದುಕೊಳ್ಳಬಾರದು, ಹತ್ತುವುದು ಕಡಲ ಮಟ್ಟದಿಂದಲೇ. ಇಲ್ಲಿನ ಗ್ರಾನೈಟ್ ಶಿಥಿಲವಾಗಿ ದಪ್ಪ ಮರಳಾಗುತ್ತದೆ. ಇಳಿಯುವಾಗ ಬಂಡೆಯ ಮೇಲೆ ಅದು ಸಿಮೆಂಟು ನೆಲಕ್ಕೆ ರಾಗಿ ಚೆಲ್ಲಿದ ಹಾಗೆ. ಸವೆದ ಅಟ್ಟೆಯ ಬೂಟು ಬೇಡ. ಹೊತ್ತು ಮೂಡುವ ಮೊದಲು ಒಬ್ಬರೇ ಹೋಗುವುದಾದರೆ ಮಾತಾಡುತ್ತಲೋ ಗಂಟೆ ಅಲ್ಲಾಡಿಸುತ್ತಲೋ ಹೋಗಬೇಕು, ಕಾಡುಹಂದಿ ಬಹಳ. ತೋಟಗಳಿಗೆಲ್ಲ ತಂತಿಬೇಲಿ ಹಾಕಿರುವುದೂ ಅವಕ್ಕಾಗಿಯೇ. ದಾರಿಯಲ್ಲಿ ಬೇಲಿಯ ಬಾಗಿಲು ಬಂದರೆ ದಾಟಿದ ಮೇಲೆ ಮತ್ತೆ ಕಟ್ಟಿ ಹೋಗಬೇಕು.

ಮೇಲಿನಿಂದ ನೋಡಿದಾಗ ಒಂದೇ ದೇವರಿಗೆ ಬೆಟ್ಟವೂ ಕಡಲೂ ಏಕೆ ಸೇರಿತೆಂದು ತಿಳಿಯುತ್ತದೆ. ಇಲ್ಲಿ ಪ್ರತಿ ದ್ವೀಪವೂ ನೀರಿನಿಂದ ಎದ್ದ ಬೆಟ್ಟವೇ. ದೋಣಿಯವರು ಎರಡು ಬೆಟ್ಟದ ತುದಿಗಳನ್ನು ಒಂದೇ ಗೆರೆಗೆ ತಂದುಕೊಂಡು ತಾವೆಲ್ಲಿದ್ದೇವೆಂದು ಲೆಕ್ಕ ಹಾಕುತ್ತಿದ್ದರು. ಬೆಟ್ಟ ಕಾಣದಿದ್ದರೆ ಕಡಲಿನಲ್ಲಿ ದಾರಿಯೂ ಇಲ್ಲ.

ತಿಂಡಿ ಮುಗಿಸಿ ಹೊರಟರೆ 1979ರ ಓಮಿಶಿಮಾ ಕಮಾನು ಸೇತುವೆ, ಹಕಾತಾ ದ್ವೀಪ, ಆಮೇಲೆ ಓಶಿಮಾ. ಹಕಾತಾ ಉಪ್ಪಿಗೆ ಹೆಸರಾದದ್ದು. ಉಪ್ಪು ಬೆರೆಸಿದ ಐಸ್‌ಕ್ರೀಮು ಬಿಸಿಲಿಗೆ ಹಿತ. ಓಶಿಮಾದ ಮಿಯಕುಬೊದಿಂದ ನೊಷಿಮಾದ ಸುತ್ತ ದೋಣಿ ಹೋಗುತ್ತದೆ. ಒಂದು ಕಿ.ಮೀ. ಸುತ್ತಳತೆಯೂ ಇಲ್ಲದ ಆ ದ್ವೀಪ ಮುರಾಕಮಿ ಕಡಲ್ಗಳ್ಳರ ಕೋಟೆಯಾಗಿತ್ತು. ಕಡಲ್ಗಳ್ಳರೆಂದರೂ ಅವರ ಕಸುಬು ಸುಂಕ ವಸೂಲಿ, ದಾರಿ ತೋರಿಸುವುದು. ಸುಂಕ ಕೊಟ್ಟ ಹಡಗಿಗೆ ತಮ್ಮ ಗುರುತಿನ ಬಾವುಟ ಕೊಡುತ್ತಿದ್ದರು. ಓಯಮಝುಮಿಯ ಭಕ್ತರಾಗಿ ಸಾಲುಪದ್ಯಗಳನ್ನು ಕಟ್ಟಿ ಅರ್ಪಿಸುತ್ತಿದ್ದರು. 1588ರಲ್ಲಿ, ಆಗ ದೇಶವಾಳುತ್ತಿದ್ದ ಹಿದೆಯೊಶಿಯ ಕಡಲ್ಗಳ್ಳತನ ನಿಷೇಧದ ಆಜ್ಞೆಯೊಂದಿಗೆ ಆ ಬದುಕು ಮುಗಿಯಿತು. ದ್ವೀಪದ ಬುಡದ ಬಂಡೆಗಳಲ್ಲಿ ಅವರ ಕಟ್ಟೆಯ ಕಂಬ ನಿಲ್ಲಿಸಿದ ಗುಳಿಗಳು ಇಳಿತದಲ್ಲಿ ಕಾಣುತ್ತವೆ.

ದೋಣಿಗೆ ಹತ್ತುವ ಮುನ್ನ ಆ ದಿನದ ಉಬ್ಬರವಿಳಿತದ ಪಟ್ಟಿ ನೋಡುವುದು ಮುಖ್ಯ. ನೀರು ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ತಿರುಗುವ ಹೊತ್ತಿಗೆ ಹೋದವರು ಕೆರೆ ನೋಡಿ ಬಂದಂತೆ ನಿರಾಶರಾಗುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಎರಡು ತಿರುವುಗಳ ನಡುವಿನ ಹೊತ್ತು ಹಿಡಿದರೆ ಸುಳಿಗಳು ದೋಣಿಯನ್ನು ಪಕ್ಕಕ್ಕೆ ಎಳೆಯುತ್ತವೆ. ಜೋರಿದ್ದಾಗ ಸೆಳೆತ ಹತ್ತು ನಾಟ್, ಗಂಟೆಗೆ 18 ಕಿ.ಮೀ. ಮುಂದಕ್ಕೆ ಹೋಗಲು ಎಂಜಿನ್ ಗುರುಗುಟ್ಟುತ್ತಿದ್ದರೂ ಎದುರಿನ ಬಂಡೆ ಹತ್ತಿರ ಬರಲಿಲ್ಲ. ದೋಣಿಯವರು ಮಾತ್ರ ಆರಾಮಾಗಿ, ಬಲಗೈಯಿಂದ ಚುಕ್ಕಾಣಿ ಹಿಡಿದು ಎಡಗೈಯಿಂದ ಕೋಟೆ ತೋರಿಸುತ್ತಿದ್ದರು.

ಕೊನೆಯದು ಕುರುಶಿಮಾ ಜಲಸಂಧಿ. ಮೂರು ತೂಗುಸೇತುವೆಗಳು ಒಂದರ ಬಾಲಕ್ಕೊಂದು ಸೇರಿ 4105 ಮೀಟರ್. ದಾಟುವ ಮೊದಲು, ಕಾಲಲ್ಲಿ ಕಸುವಿದ್ದರೆ, ಓಶಿಮಾದ ಕಿರೊ ಬೆಟ್ಟ (307 ಮೀಟರ್) ಹತ್ತಬೇಕು. ಅಲ್ಲಿನ ವೀಕ್ಷಣಾ ಕಟ್ಟೆಯನ್ನು ವಾಸ್ತುಶಿಲ್ಪಿ ಕೆಂಗೊ ಕುಮಾ 1994ರಲ್ಲಿ ಬೆಟ್ಟದೊಳಗೇ ಹೂತಂತೆ ಕಟ್ಟಿದ್ದಾರೆ. ಏರು ಕಡಿದು, ಸೇತುವೆಯ ಏರುಗಳನ್ನು ನೋಡಿ ಇದನ್ನು ಅಂದಾಜು ಮಾಡಿದರೆ ಅರ್ಧದಲ್ಲಿ ತಳ್ಳಬೇಕಾಗುತ್ತದೆ. ಮೇಲಿನಿಂದ ಹಡಗುಗಳನ್ನು ಗಮನಿಸಿ. ಸೆಳೆತದ ಜೊತೆ ಹೋಗುವವು ನೇರವಾದ ನಡುದಾರಿ ಹಿಡಿಯುತ್ತವೆ, ಎದುರು ಹೋಗುವವು ಬಾಗಿದ ಪಶ್ಚಿಮ ದಾರಿ. ಹಿಂದಿನಿಂದ ನೀರು ತಳ್ಳುವಾಗ ಚುಕ್ಕಾಣಿ ಮಾತು ಕೇಳುವುದು ಕಷ್ಟ, ಆದ್ದರಿಂದ ಅಂಥವಕ್ಕೆ ತಿರುವು ಕಡಿಮೆಯಿರುವ ದಾರಿ. ಇದರಿಂದ ನೀರು ದಕ್ಷಿಣಕ್ಕೆ ಹರಿಯುವಾಗ ಹಡಗುಗಳು ಎಡಮಗ್ಗುಲಲ್ಲಿ ಸಾಗುತ್ತವೆ. ಜಗತ್ತಿನ ಬೇರೆ ಯಾವ ಜಲಮಾರ್ಗದಲ್ಲೂ ಈ ನಿಯಮವಿಲ್ಲ. ದಡದ ದೊಡ್ಡ ಫಲಕಗಳಲ್ಲಿ ಸರದಿಯ ಮೇಲೆ ಬೆಳಗುವ ರೋಮನ್ ಅಕ್ಷರ ಎಸ್ ಎಂದರೆ ದಕ್ಷಿಣದ ಸೆಳೆತ, ಎನ್ ಎಂದರೆ ಉತ್ತರದ್ದು. ಅಂಕೆ ನಾಟ್ ಲೆಕ್ಕ, ಬಾಣ ಮೇಲಕ್ಕಿದ್ದರೆ ಹೆಚ್ಚುತ್ತಿದೆ, ಕೆಳಕ್ಕಿದ್ದರೆ ಇಳಿಯುತ್ತಿದೆ. ಸೇತುವೆಯ ಮೇಲಿನಿಂದಲೂ ಓದಬಹುದು, ಆದರೆ ಸೈಕಲ್ ನಿಲ್ಲಿಸಿ ಓದಿ, ಹಿಂದಿನಿಂದ ಬರುವವರಿಗೆ ಜಾಗ ಬಿಡಿ.

ಸೈಕಲ್ ಆಗದವರಿಗೆ ಇಮಾಬರಿ ನಿಲ್ದಾಣದಿಂದ ಗುಡಿಯ ಮುಂದಕ್ಕೇ ಬಸ್ಸಿದೆ, ಸುಮಾರು ಒಂದು ಗಂಟೆ. ಬಸ್ಸುಗಳು ವಿರಳ, ಸಂಜೆಯ ಕೊನೆಯದು ಬೇಗ ಹೊರಟುಬಿಡುತ್ತದೆ, ದ್ವೀಪದಲ್ಲಿ ಟ್ಯಾಕ್ಸಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಇಳಿದ ಕೂಡಲೇ ಹಿಂದಿರುಗುವ ವೇಳಾಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಹಿರೊಶಿಮಾ ಕಡೆಗೇ ಮರಳುವವರು ದ್ವೀಪದ ಉತ್ತರದ ಸಾಕಾರಿ ಬಂದರಿನಿಂದ, ಮೊಲಗಳ ಓಕುನೊಶಿಮಾ ಮೇಲಿಂದ ಹಾದು ತದನೊಉಮಿಗೆ ಹೋಗುವ ದೋಣಿಯನ್ನೂ ಹಿಡಿಯಬಹುದು.